ಎಕ್ಸ್‌ರೇಯಲ್ಲಿ ಉಳಿದಿದ್ದ ಹಳೆಯ ಕಲೆ: ಕೆನಡಾ ವೀಸಾದ ಮೆಡಿಕಲ್ ಮುಗಿಸಿದ ನನ್ನ ಅನುಭವ

2012ರಲ್ಲಿ ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ ನನಗೆ ಶ್ವಾಸಕೋಶದ ಕ್ಷಯ ಬಂದಿತ್ತು. ವಾರ್ಡಿನಲ್ಲಿ ಯಾರಿಂದ ತಗುಲಿತೋ ಹೇಳಲಾಗದು. ಆಗ ಡಾಟ್ಸ್ ಎಂಬ ಸರ್ಕಾರಿ ಕ್ಷಯ ಚಿಕಿತ್ಸಾ ಪದ್ಧತಿಯಲ್ಲಿ ವಾರಕ್ಕೆ ಮೂರು ದಿನ ಮಾತ್ರೆ ಕೊಡುತ್ತಿದ್ದರು. ನನ್ನ ಹೆಸರು ಬರೆದ ಕೆಂಪು ಡಬ್ಬಿಯೊಂದು ಚಿಕಿತ್ಸಾ ಕೇಂದ್ರದ ಕಪಾಟಿನಲ್ಲಿರುತ್ತಿತ್ತು, ಮೊದಲ ಎರಡು ತಿಂಗಳು ಪ್ರತಿ ಸಲವೂ ಸಿಬ್ಬಂದಿಯ ಕಣ್ಣೆದುರೇ ನುಂಗಬೇಕಿತ್ತು. ಆ ಮಾತ್ರೆಗಳಲ್ಲೊಂದಾದ ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದರೂ ಮೊದಲ ದಿನ ನಾನು ಹೆದರಿದ್ದೆ. ಆರು ತಿಂಗಳಿಗೆ ಗುಣವಾಯಿತು, ಓದು ಮುಗಿಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಆ ಕಾಯಿಲೆಯ ನೆನಪು ಮತ್ತೆ ಬಂದದ್ದು 2024ರಲ್ಲಿ, ನುರಿತ ಕೆಲಸಗಾರರಿಗಿರುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆಯ ಮೂಲಕ ಕೆನಡಾದ ಕಾಯಂ ವಾಸಕ್ಕೆ ಅರ್ಜಿ ಹಾಕಿದ ಮೇಲೆ, 30 ದಿನದೊಳಗೆ ಇಡೀ ಕುಟುಂಬದ ವೈದ್ಯಕೀಯ ಪರೀಕ್ಷೆ ಮಾಡಿಸಬೇಕೆಂಬ ಪತ್ರ ಬಂದಾಗ. (ಈಗ ಕ್ರಮ ಬದಲಾಗಿದೆ: 2025ರ ಆಗಸ್ಟ್ 21ರಿಂದ ಎಕ್ಸ್‌ಪ್ರೆಸ್ ಎಂಟ್ರಿಯವರು ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಂಡು ಅರ್ಜಿ ಸಲ್ಲಿಸಬೇಕು.)

ಹಳೆಯ ಕ್ಷಯದ ವಿಷಯವನ್ನು ಹೇಳಬೇಕೋ ಬೇಡವೋ ಎಂಬುದೇ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ. "ಆಗಿ ಹೋದದ್ದನ್ನ ಯಾಕ ಮತ್ತ ಎಳೀತಿ, ಸುಮ್ಮನಿರು" ಎಂದು ಅವ್ವ ಹೇಳಿದಳು. ಅರ್ಜಿ ತುಂಬಿಸಿಕೊಡುವ ಏಜೆಂಟರೊಬ್ಬರೂ ಅದನ್ನೇ ಹೇಳಿದರು. ಅವ್ವನದು ಭಯ, ಅದನ್ನು ಕ್ಷಮಿಸಬಹುದು; ಹಣ ಪಡೆದು ಸಲಹೆ ಕೊಡುವವರು ಹೀಗೆ ಹೇಳಿದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಪರೀಕ್ಷೆಯ ವೇಳೆ ವೈದ್ಯರು ಕೇಳುವ ಹಿಂದಿನ ಕಾಯಿಲೆಗಳಲ್ಲಿ ಕ್ಷಯವೂ ಇರುತ್ತದೆ. ಅಲ್ಲಿ ಸುಳ್ಳು ಹೇಳಿ ಅದು ಬಯಲಾದರೆ ಕೆನಡಾದ ಕಾನೂನಿನಲ್ಲಿ 5 ವರ್ಷ ಪ್ರವೇಶ ನಿರ್ಬಂಧವಿದೆ. ಅದಕ್ಕಿಂತ ಹೆಚ್ಚಾಗಿ, ನಾನು ಬಾಯಿ ಮುಚ್ಚಿಕೊಂಡರೂ ಎಕ್ಸ್‌ರೇ ಸುಮ್ಮನಿರುವುದಿಲ್ಲವೆಂಬುದು ವಾರ್ಡಿನಲ್ಲಿ ವರ್ಷಗಟ್ಟಲೆ ಕಳೆದ ನನಗೆ ಗೊತ್ತಿತ್ತು.

ಈ ಪರೀಕ್ಷೆಯನ್ನು ನಮ್ಮ ಊರಿನ ವೈದ್ಯರ ಬಳಿ ಮಾಡಿಸುವಂತಿಲ್ಲ. ಕೆನಡಾ ಸರ್ಕಾರ ಪಟ್ಟಿ ಮಾಡಿರುವ ಪ್ಯಾನೆಲ್ ವೈದ್ಯರ ಬಳಿಗೇ ಹೋಗಬೇಕು. ರಾಯಚೂರಿಗೆ ಹೈದರಾಬಾದ್ ಹತ್ತಿರ, ಆದರೆ ಅಣ್ಣನ ಮನೆಯಿದೆಯೆಂದು ನಾನು ಬೆಂಗಳೂರನ್ನು ಆರಿಸಿಕೊಂಡೆ. ಒಂದೇ ಸಲ ಹೋಗಿಬರುವುದಾಗಿದ್ದರೆ ಅದು ಸರಿಯಾಗಿತ್ತು; ಮುಂದೆ ಅಷ್ಟೊಂದು ಸಲ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬೇಕಾಗುತ್ತದೆಂದು ಗೊತ್ತಿದ್ದರೆ ಹೈದರಾಬಾದಿಗೇ ಹೋಗುತ್ತಿದ್ದೆ.

ಪರೀಕ್ಷೆಯ ದಿನ ವಿಶೇಷವೇನೂ ಇರಲಿಲ್ಲ. ಮೂಲ ಪಾಸ್‌ಪೋರ್ಟ್, ಪತ್ರದಲ್ಲಿನ ಸಂಖ್ಯೆ, ಕನ್ನಡಕ, ನುಂಗುತ್ತಿರುವ ಮಾತ್ರೆಗಳ ಚೀಟಿ ಇವು ಜೊತೆಗಿರಬೇಕು. 6 ವರ್ಷದ ಮಗಳಿಗೆ ದೈಹಿಕ ತಪಾಸಣೆ ಮತ್ತು ಮೂತ್ರ ಪರೀಕ್ಷೆ ಮಾತ್ರ ನಡೆಯಿತು; ಎದೆಯ ಎಕ್ಸ್‌ರೇ 11 ವರ್ಷದಿಂದ ಮೇಲ್ಪಟ್ಟವರಿಗೆ, ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ 15ರಿಂದ ಮೇಲ್ಪಟ್ಟವರಿಗೆ. ಹೆಣ್ಣುಮಕ್ಕಳು ಮುಟ್ಟಿನ ದಿನಗಳನ್ನು ಬಿಟ್ಟು ದಿನಾಂಕ ಪಡೆದರೆ ಮೂತ್ರದಲ್ಲಿ ರಕ್ತ ಕಂಡು ಮತ್ತೆ ಕರೆಸುವುದು ತಪ್ಪುತ್ತದೆ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆಯಿದ್ದುದರಿಂದ ಅವರು ರಾತ್ರಿಯಿಡೀ ರೈಲಿನಲ್ಲಿ ನಿದ್ದೆ ಮಾಡಿರಲಿಲ್ಲ. ಆ ಭಯಕ್ಕೆ ಆಧಾರವಿರಲಿಲ್ಲ. ಕಾಯಿಲೆಯ ಖರ್ಚಿನ ಕಾರಣಕ್ಕೆ ಕೆನಡಾ ಅರ್ಜಿ ನಿರಾಕರಿಸುವುದು, ಅದು ಅಲ್ಲಿನ ಆರೋಗ್ಯ ಮತ್ತು ಸಮಾಜ ಸೇವೆಗಳ ಮೇಲೆ ಹೊರಿಸುವ ಹೊರೆ ಒಂದು ಮಿತಿಯನ್ನು ದಾಟುವಂತಿದ್ದಾಗ. 2024ರಲ್ಲಿ ಆ ಮಿತಿ ವರ್ಷಕ್ಕೆ 26,220 ಕೆನಡಾ ಡಾಲರ್ ಇತ್ತು. ಮಾತ್ರೆಯಲ್ಲಿ ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಇತ್ತೀಚಿನ ಎಚ್‌ಬಿಎ1ಸಿ ವರದಿಯನ್ನು ಕೊಟ್ಟರು, ಅಲ್ಲಿಗೆ ಅವರ ಮಾತು ಮುಗಿಯಿತು.

ನನ್ನದು ಮುಗಿಯಲಿಲ್ಲ. ಪರದೆಯ ಮೇಲೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ, ಕಾಲರ್ ಮೂಳೆಯ ಕೆಳಗೆ, ಎಳೆಎಳೆಯಾಗಿ ಹರಡಿದ್ದ ಬಿಳಿ ಗೆರೆಗಳನ್ನು ವೈದ್ಯರು ತೋರಿಸುವ ಮೊದಲೇ ನಾನು ನೋಡಿದ್ದೆ. ಅದು ಮಾಗಿದ ಗಾಯದ ಕಲೆ. ಆದರೆ ಮಾಗಿದೆಯೆಂದು ಒಂದೇ ಚಿತ್ರವನ್ನು ನೋಡಿ ಯಾರೂ ಬರೆದುಕೊಡುವಂತಿಲ್ಲ, ಹಳೆಯ ಚಿತ್ರದೊಡನೆ ಹೋಲಿಸಬೇಕು. ಹಳೆಯ ಫಿಲ್ಮ್ ಇದೆಯೇ ಎಂದು ಅವರು ಕೇಳಿದರು. ಇತ್ತು. ತವರಿನ ತಗಡಿನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಹನ್ನೆರಡು ಬೇಸಿಗೆ ಕಳೆದಿತ್ತು. ರಾಯಚೂರಿನ ಬಿಸಿಲಿಗೆ ಎರಡು ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಮೇಲಿನ ಪದರವೇ ಸಿಪ್ಪೆಯಂತೆ ಕಿತ್ತುಬಂತು.

ಚಿಕಿತ್ಸೆಯ ಕಾರ್ಡು ಮಾತ್ರ ಉಳಿದಿತ್ತು. ಸುಮ್ಮನಿರು ಎಂದ ಅವ್ವನೇ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದಳು. ಯಾವ ದಿನ ಮಾತ್ರೆ ನುಂಗಿದೆ, ಕಫ ಪರೀಕ್ಷೆ ಯಾವಾಗ ನೆಗೆಟಿವ್ ಬಂತು, ಚಿಕಿತ್ಸೆ ಎಂದು ಮುಗಿಯಿತು ಎಲ್ಲವೂ ಅದರಲ್ಲಿತ್ತು. ಅದನ್ನು ಹಿಡಿದುಕೊಂಡು ಕ್ಷಯರೋಗ ಕೇಂದ್ರಕ್ಕೆ ಹೋಗಿ, ಕೈಬರಹದ ಹಳೆಯ ರಿಜಿಸ್ಟರಿನಲ್ಲಿ ಕಾರ್ಡಿನ ಮೇಲಿದ್ದ ಸಂಖ್ಯೆಯನ್ನು ಹುಡುಕಿಸಿ, ಔಷಧಿಗಳ ಹೆಸರು ಮತ್ತು ಅವಧಿಯ ಸಮೇತ ಚಿಕಿತ್ಸೆ ಪೂರ್ಣಗೊಂಡ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡೆ. ಮೂರು ಸಲ ಅಲೆಯಬೇಕಾಯಿತು. ಬರೀ "ಗುಣವಾಗಿದ್ದಾರೆ" ಎಂದು ಒಂದೇ ಸಾಲಿನಲ್ಲಿ ಬರೆದುಕೊಡಲು ಅವರು ಮೊದಲ ದಿನವೇ ಸಿದ್ಧರಿದ್ದರು. ಅಂಥ ಪತ್ರ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಕಫ ಪರೀಕ್ಷೆ. ಸತತ ಮೂರು ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಅವರು ಹೇಳಿದ ಲ್ಯಾಬಿನಲ್ಲಿ, ಸಿಬ್ಬಂದಿಯ ಎದುರಿನಲ್ಲೇ ಕೊಡಬೇಕು. ಮನೆಯಿಂದ ಡಬ್ಬಿಯಲ್ಲಿ ತುಂಬಿಸಿ ತರುವಂತಿಲ್ಲ. "ಉಗುಳು ಬೇಡಮ್ಮ, ಎದೆಯೊಳಗಿಂದ ಕೆಮ್ಮಿ ತೆಗಿ" ಎಂದು ಎಷ್ಟು ಜನ ರೋಗಿಗಳಿಗೆ ನಾನು ಗದರಿದ್ದೆನೋ ಲೆಕ್ಕವಿಲ್ಲ. ಕೆಮ್ಮೇ ಇಲ್ಲದವಳಿಗೆ ಕಫ ಎಲ್ಲಿಂದ ಬರಬೇಕು? ಮೊದಲ ದಿನ ನಾನು ಕೊಟ್ಟದ್ದನ್ನು ಬೆಳಕಿಗೆ ಹಿಡಿದು ನೋಡಿದ ಹುಡುಗಿ "ಇದು ಉಗುಳು, ಮೇಡಂ" ಎಂದಳು. ಕೊನೆಗೆ ನೆಬ್ಯುಲೈಜರಿನಲ್ಲಿ ಗಾಢ ಉಪ್ಪುನೀರಿನ ಆವಿ ಕೊಟ್ಟರು. ಗಂಟಲೆಲ್ಲ ಉಪ್ಪಾಗಿ, ಕಣ್ಣಲ್ಲಿ ನೀರು ಬಂದು, ಹತ್ತು ನಿಮಿಷ ಕೆಮ್ಮಿದ ಮೇಲೆ ಡಬ್ಬಿಯ ತಳ ಮುಚ್ಚುವಷ್ಟು ಬಂತು. ಹೋಗುವ ಮೊದಲು ಬಾಯಿಯನ್ನು ಬರೀ ನೀರಿನಲ್ಲಿ ಮುಕ್ಕಳಿಸಿ, ಹಿಂದಿನ ರಾತ್ರಿ ಚೆನ್ನಾಗಿ ನೀರು ಕುಡಿದು ಮಲಗಿದರೆ ಸ್ವಲ್ಪ ಸುಲಭವಾಗುತ್ತದೆ.

ಸೂಕ್ಷ್ಮದರ್ಶಕದ ಫಲಿತಾಂಶ ಬೇಗ ಬರುತ್ತದೆ; ಕಫದಿಂದ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿಟ್ಟು ನೋಡುವ ಕಲ್ಚರ್ ಹಾಗಲ್ಲ. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವುದರಿಂದ, ಏನೂ ಬೆಳೆದಿಲ್ಲವೆಂದು ಖಚಿತವಾಗಿ ಹೇಳಲು 8 ವಾರ ಕಾಯುತ್ತಾರೆ. ಅದರ ಮೇಲೆ, ಮೊದಲ ಎಕ್ಸ್‌ರೇ ತೆಗೆದು ಮೂರು ತಿಂಗಳಾದ ಮೇಲೆ ಇನ್ನೊಂದನ್ನು ತೆಗೆದು ಕಲೆ ಹಾಗೆಯೇ ಇದೆಯೇ ಎಂದು ಹೋಲಿಸಿದರು. ಅಷ್ಟೂ ದಿನ ನನ್ನೊಬ್ಬಳಿಂದಾಗಿ ಗಂಡ ಮತ್ತು ಮಗಳ ಕಡತವೂ ನಿಂತಿತ್ತು. ವೈದ್ಯರನ್ನು ಕೇಳಿ ಫಲವಿಲ್ಲ, ಏಕೆಂದರೆ ಅವರು ವರದಿಯನ್ನು ಇ-ಮೆಡಿಕಲ್ ವ್ಯವಸ್ಥೆಗೆ ಏರಿಸುತ್ತಾರೆ ಅಷ್ಟೇ, ತೀರ್ಮಾನ ಕೆನಡಾದ ವೈದ್ಯಾಧಿಕಾರಿಗಳದ್ದು. ಆದರೆ ಏರಿಸಿದ್ದೀರಾ ಎಂದು ಮಾತ್ರ ಕೇಳುತ್ತಲೇ ಇರಬೇಕು. ನನ್ನ ಕಲ್ಚರ್ ವರದಿ ಬಂದು 12 ದಿನ ಕ್ಲಿನಿಕ್ಕಿನ ಮೇಜಿನ ಮೇಲೆಯೇ ಇತ್ತೆಂಬುದು ನಾನಾಗಿ ಫೋನು ಮಾಡಿದಾಗ ತಿಳಿಯಿತು. ಮೆಡಿಕಲ್‌ಗೆ 12 ತಿಂಗಳ ಆಯುಸ್ಸು ಮಾತ್ರ ಇರುವುದರಿಂದ, ಅದು ಮುಗಿಯುವ ಮೊದಲೇ ಆ ದೇಶದಲ್ಲಿ ಕಾಲಿಡಬೇಕಾಗುತ್ತದೆ. ಹೀಗೆ ಕಳೆದ ಒಂದೊಂದು ವಾರವೂ ಕೊನೆಯಲ್ಲಿ ಮನೆ ಖಾಲಿ ಮಾಡುವ, ಕೆಲಸ ಬಿಡುವ ಸಮಯದಿಂದಲೇ ಕಡಿತವಾಗುತ್ತದೆ.

ಮಂಜೂರಾತಿಯ ಜೊತೆಗೆ ಐಎಂಎಂ 0535 ಎಂಬ ನಮೂನೆಯೂ ಬಂತು. ನನ್ನ ಕ್ಷಯ ನಿಷ್ಕ್ರಿಯವಾಗಿದೆ, ಆದರೆ ಕೆನಡಾಕ್ಕೆ ಬಂದ 30 ದಿನದೊಳಗೆ ಅಲ್ಲಿನ ಸಾರ್ವಜನಿಕ ಆರೋಗ್ಯ ಕಚೇರಿಯನ್ನು ಸಂಪರ್ಕಿಸಬೇಕು ಎಂಬುದು ಅದರ ತಾತ್ಪರ್ಯ. ನಿರಾಕರಣೆಯ ಪತ್ರವೆಂದುಕೊಂಡು ಮನೆಯವರು ಗಾಬರಿಯಾಗಿದ್ದರು. 2025ರ ಏಪ್ರಿಲ್‌ನಲ್ಲಿ ಒಂಟಾರಿಯೊಗೆ ಬಂದ ಎರಡನೆಯ ವಾರ ನಾನು ಫೋನು ಮಾಡಿದೆ. ಅತ್ತಲಿನ ನರ್ಸ್ ಕೆಮ್ಮಿದೆಯೇ, ರಾತ್ರಿ ಬೆವರುತ್ತೀರಾ, ತೂಕ ಇಳಿದಿದೆಯೇ ಎಂದು ಕೇಳಿ, ಹಳೆಯ ದಾಖಲೆಗಳಿದ್ದರೆ ತನ್ನಿ ಎಂದರು. ಎರಡು ಎಕ್ಸ್‌ರೇಗಳ ಸಿಡಿ ಮತ್ತು ಕೇಂದ್ರದ ಪತ್ರದ ಜೊತೆಗೆ ಅವ್ವನ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾರ್ಡನ್ನೂ ಒಯ್ದೆ; ಅವರು ಅದರ ಎರಡೂ ಬದಿಯ ನಕಲು ತೆಗೆದುಕೊಂಡು ಮೂಲವನ್ನು ನನಗೇ ಹಿಂದಿರುಗಿಸಿದರು.