ಮೇದೋಜೀರಕದ ದೊಡ್ಡ ಆಪರೇಷನ್: ಮನೆಯವರು ಏನು ಮಾಡಬೇಕು?

ನಮ್ಮ ಮಾವನವರಿಗೆ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗ ದಾವಣಗೆರೆಯ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಓಡಾಡಿಸಬೇಡ್ರಿ, ಸುಮ್ನೆ ಮಲಗಿರ್ಲಿ. ಗಂಜಿ ಕೊಡ್ರಿ ಸಾಕು." ನಾವೂ ಹಾಗೇ ಮಾಡಿದೆವು. ಎರಡು ವಾರದಲ್ಲಿ ಅವರ ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾಯಿತು. ಸರ್ಜನ್ ಅವರ ತೋಳು ಹಿಡಿದು ನೋಡಿ, "ಮೊದಲು ಇವರಿಗೆ ಶಕ್ತಿ ಬರಲಿ" ಎಂದಾಗಲೇ ನಮಗೆ ತಪ್ಪು ಗೊತ್ತಾಗಿದ್ದು. ಬೇರೆ ಮನೆಯವರಿಗೆ ಹೀಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಗಡ್ಡೆ ತೆಗೆಯುವ ಆಪರೇಷನ್‌ಗೆ ವಿಪಲ್ ಎನ್ನುತ್ತಾರೆ. ಮೇದೋಜೀರಕದ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು ತೆಗೆಯುತ್ತಾರೆ. ಆಮೇಲೆ ಉಳಿದ ಮೇದೋಜೀರಕ, ಪಿತ್ತನಾಳ, ಹೊಟ್ಟೆ ಮೂರನ್ನೂ ಕರುಳಿಗೆ ಮತ್ತೆ ಜೋಡಿಸಬೇಕು. ಮೂರು ಕಡೆ ಹೊಲಿಗೆ. ಹೆಚ್ಚಿನ ತೊಂದರೆ ಬರುವುದು ಮೇದೋಜೀರಕದ ಹೊಲಿಗೆ ಸೋರಿದಾಗ.

ಆಸ್ಪತ್ರೆ ಆರಿಸುವಾಗ

"ವರ್ಷಕ್ಕೆ ಎಷ್ಟು ವಿಪಲ್ ಮಾಡ್ತೀರಿ?" ಎಂದು ನೇರವಾಗಿ ಕೇಳಿ. ಸಂಕೋಚ ಬೇಡ. ಈ ಆಪರೇಷನ್ ಜಾಸ್ತಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ತೊಡಕು ಬಂದಾಗ ಅದನ್ನು ಬೇಗ ಗುರುತಿಸುವ ಕಣ್ಣು ಅಲ್ಲಿರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ನಮ್ಮ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಆಪರೇಷನ್‌ಗೆ ಮುಂಚಿನ ವಾರಗಳು

ಬೀಡಿ, ಸಿಗರೇಟು, ಕುಡಿತ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಗಂಜಿ ಒಂದೇ ಸಾಲದು. ಪ್ರೋಟೀನ್ ಬೇಕು, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 1.2ರಿಂದ 1.5 ಗ್ರಾಂ. 60 ಕಿಲೋ ಇರುವವರಿಗೆ 70ರಿಂದ 90 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ನಮ್ಮದು ಸಸ್ಯಾಹಾರಿ ಮನೆ. ಹೆಸರುಬೇಳೆ ತೊವ್ವೆ, ಗಟ್ಟಿ ಮೊಸರು, ಪನೀರ್, ಮೆತ್ತನೆ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಎಂದು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಟ್ಟೆವು. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡಿಗೆ. ಮೊದಲ ದಿನ ಹತ್ತು ನಿಮಿಷಕ್ಕೇ ಕಲ್ಲುಬೆಂಚು ಹಿಡಿದು ಕೂತರು. ಮೂರನೇ ವಾರ ಅರ್ಧ ಗಂಟೆ ನಡೆದರು. ಮೂರು ಚೆಂಡಿನ ಉಸಿರಾಟದ ಸಾಧನವನ್ನೂ ಆಗಲೇ ಅಭ್ಯಾಸ ಮಾಡಿಸಿ. ಹೊಟ್ಟೆ ಕೊಯ್ದ ಮೇಲೆ ಹೊಸದಾಗಿ ಕಲಿಯುವುದು ಕಷ್ಟ.

ಕಾಮಾಲೆ ಇದ್ದರೆ ನಾಟಿ ಔಷಧಿ ಕುಡಿಸಿ ದಿನ ಕಳೆಯಬೇಡಿ. ಇಲ್ಲಿ ಕಾಮಾಲೆ ಬಂದಿರುವುದು ಪಿತ್ತನಾಳ ಕಟ್ಟಿಕೊಂಡದ್ದರಿಂದ. ತುಂಬಾ ಜಾಸ್ತಿ ಇದ್ದರೆ ನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ, ಇಲ್ಲದಿದ್ದರೆ ನೇರವಾಗಿ ಆಪರೇಷನ್.

ಹಿಂದಿನ ರಾತ್ರಿಯಿಂದ ಹನಿ ನೀರೂ ಕೊಡಬಾರದು ಎಂಬುದು ಹಳೆಯ ಪದ್ಧತಿ. ಸಾಮಾನ್ಯವಾಗಿ ಗಟ್ಟಿ ಆಹಾರ ಆರು ಗಂಟೆ ಮೊದಲು, ತಿಳಿಯಾದ ದ್ರವ ಎರಡು ಗಂಟೆ ಮೊದಲು ನಿಲ್ಲಿಸಿದರೆ ಸಾಕು. ಹೊಟ್ಟೆ ಬೇಗ ಖಾಲಿಯಾಗದ ತೊಂದರೆ ಇದ್ದವರಿಗೆ ಇದು ಹೊಂದುವುದಿಲ್ಲ, ಅರಿವಳಿಕೆ ಡಾಕ್ಟರ ಮಾತೇ ಕೊನೆ. ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಇಂಥ ಹಳೇ ರೂಢಿಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ಅದರಿಂದ ಬೆಳೆದ ಚೇತರಿಕೆಯ ಕ್ರಮಕ್ಕೆ ಇರಾಸ್ ಎನ್ನುತ್ತಾರೆ. 2012ರಲ್ಲಿ ವಿಪಲ್‌ಗೆಂದೇ ಅದರ ಸೂಚನೆಗಳು ಬಂದವು. "ನಿಮ್ಮಲ್ಲಿ ಇರಾಸ್ ಇದೆಯಾ?" ಎಂದು ಕೇಳಿದರೆ ಡಾಕ್ಟರಿಗೆ ಅರ್ಥವಾಗುತ್ತದೆ.

ಎಬ್ಬಿಸಿ, ನಡೆಸಿ

ಆಪರೇಷನ್ ಆದ ಮರುದಿನವೇ ನರ್ಸ್ ಬಂದು ಏಳಿಸಿದಾಗ ನಮ್ಮ ಅತ್ತೆ ಅಡ್ಡ ನಿಂತರು. "ಹೊಲಿಗೆ ಬಿಚ್ಚುತ್ತಲ್ವಾ?" ಬಿಚ್ಚುವುದಿಲ್ಲ. ಮಲಗಿದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸಿದರು. ನನ್ನ ಗಂಡ ಡ್ರಿಪ್ ಸ್ಟ್ಯಾಂಡ್ ತಳ್ಳಿದರು, ನಾನು ಡ್ರೈನ್ (ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ಕೊಳವೆ) ಚೀಲ ಹಿಡಿದೆ. ಮಂಚದಿಂದ ಬಾಗಿಲಿಗೆ ಎಂಟು ಹೆಜ್ಜೆ. ಅಷ್ಟಕ್ಕೇ ಹಣೆ ಬೆವೆತಿತ್ತು. ಸಂಜೆ ಮತ್ತೆ ನಡೆದರು. ನೋವು ತಡೆದುಕೊಂಡು ಸುಮ್ಮನಿರಲು ಬಿಡಬೇಡಿ. ನೋವಿದ್ದರೆ ನಡೆಯಲಾಗದು, ಔಷಧಿ ಕೇಳಿ ಕೊಡಿಸಿ.

ಊಟ ಶುರುವಾದ ಮೇಲೆ ವಾಂತಿ, ಹೊಟ್ಟೆ ಭಾರ ಬರಬಹುದು. ಹೊಟ್ಟೆ ಕೆಲವು ದಿನ ನಿಧಾನವಾಗುವುದು ಈ ಆಪರೇಷನ್ನಿನಲ್ಲಿ ಸಾಮಾನ್ಯ. ಒತ್ತಾಯ ಮಾಡಿ ತಿನ್ನಿಸಬೇಡಿ, ಡಾಕ್ಟರಿಗೆ ಹೇಳಿ.

ಕ್ಯಾಪ್ಸೂಲ್ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇದೋಜೀರಕ ಕಡಿಮೆಯಾದಾಗ ಕೊಬ್ಬು ಜೀರ್ಣವಾಗುವುದಿಲ್ಲ. ಮಲ ಎಣ್ಣೆಯಂತೆ ತೇಲುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಜೀರ್ಣಕ್ಕೆ ನೆರವಾಗುವ ಎಂಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಊಟಕ್ಕೆ ಮುಂಚೆ ಅಲ್ಲ, ಊಟ ಮುಗಿದ ಮೇಲೂ ಅಲ್ಲ. ಮೊದಲ ತುತ್ತಿನ ಜೊತೆ ನುಂಗಬೇಕು. ಎರಡಿದ್ದರೆ ಇನ್ನೊಂದನ್ನು ಊಟದ ನಡುವೆ. ಬಿಸಿ ಕಾಫಿ ಜೊತೆ ಬೇಡ, ತಣ್ಣನೆ ನೀರು ಸಾಕು. ನಾವು ಮೊದಲು ಖಾಲಿ ಹೊಟ್ಟೆಗೆ ಕೊಟ್ಟು ಒಂದು ವಾರ ಹಾಳು ಮಾಡಿದೆವು. ಸರಿಯಾಗಿ ಕೊಟ್ಟರೆ ಎಣ್ಣೆ, ತುಪ್ಪ ಪೂರ್ತಿ ಬಿಡಿಸಬೇಕಿಲ್ಲ. ಬೆಣ್ಣೆದೋಸೆ ಇಲ್ಲದ ದಾವಣಗೆರೆಯನ್ನು ನೆನೆದು ಮಾವನವರು ಪೆಚ್ಚಾಗಿದ್ದರು. ಕೆಲವು ತಿಂಗಳಾದ ಮೇಲೆ ಡಾಕ್ಟರನ್ನು ಕೇಳಿ ಅರ್ಧ ದೋಸೆ ತಿಂದರು, ಮೊದಲ ತುತ್ತಿಗೆ ಕ್ಯಾಪ್ಸೂಲ್ ಸಮೇತ.

ಈ ಎಂಜೈಮನ್ನು ತಯಾರಿಸುವುದು ಹಂದಿಯ ಮೇದೋಜೀರಕದಿಂದ. ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಇದು ಸಣ್ಣ ಮಾತಲ್ಲ. ರೋಗಿಯಿಂದ ಮುಚ್ಚಿಡಬೇಡಿ. ಆಪರೇಷನ್‌ಗೆ ಮೊದಲೇ ಡಾಕ್ಟರ ಜೊತೆ ಮಾತಾಡಿ, ಬೇಕಿದ್ದರೆ ಮಠದ ಸ್ವಾಮಿಗಳನ್ನೋ ಮೌಲ್ವಿಗಳನ್ನೋ ಕೇಳಿ. ನಮ್ಮ ಮಾವನವರು ಎರಡು ದಿನ ಯೋಚಿಸಿ, "ಔಷಧಿ ಅಂತ ತಗೋತೀನಿ" ಎಂದರು. ಆ ತೀರ್ಮಾನ ಅವರದ್ದೇ ಆಗಿತ್ತು.

ಊರಿಗೆ ಬಂದ ಮೇಲೆ

ಕ್ಯಾನ್ಸರ್ ಆಪರೇಷನ್ ಆಗಿದ್ದರೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ನಾಲ್ಕು ವಾರದವರೆಗೆ ಬರೆಯಬಹುದು. ಮನೆಗೆ ಬಂದೆವೆಂದು ನಡುವೆ ಬಿಡಬೇಡಿ. ಸಕ್ಕರೆ ಕಾಯಿಲೆ ಹೊಸದಾಗಿ ಬರಬಹುದು, ಪರೀಕ್ಷೆ ಮಾಡಿಸುತ್ತಿರಿ. ಒಂದು ನೋಟ್‌ಬುಕ್ಕಿನಲ್ಲಿ ತೂಕ, ಜ್ವರ, ಡ್ರೈನ್ ಇದ್ದರೆ ಅದರ ಅಳತೆ ಮತ್ತು ಬಣ್ಣ ಬರೆದಿಡಿ.

ಜ್ವರ, ನಿಲ್ಲದ ವಾಂತಿ, ಒಂದು ಕಾಲಿನ ಊತ, ಡ್ರೈನ್ ನೀರು ಕದಡಿದಂತಾಗುವುದು, ಇವು ಯಾವುದಾದರೂ ಕಂಡರೆ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ಡ್ರೈನ್‌ನಲ್ಲಿ ರಕ್ತ, ರಕ್ತದ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಸ್ವಲ್ಪವೇ ಎಂದು ಕಾಯಬೇಡಿ. ಅದರ ಹಿಂದೆಯೇ ದೊಡ್ಡ ರಕ್ತಸ್ರಾವ ಬರಬಹುದು. ಆಪರೇಷನ್ ಬೆಂಗಳೂರಿನಲ್ಲಿ ಆಗಿದೆ ಎಂದು 260 ಕಿಲೋಮೀಟರ್ ದೂರಕ್ಕೆ ಕಾರು ಹತ್ತಿಸಬೇಡಿ. 108ಕ್ಕೆ ಫೋನ್ ಮಾಡಿ, ಊರಿನ ದೊಡ್ಡ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಎಮರ್ಜೆನ್ಸಿಯಲ್ಲಿ ಮೊದಲ ಮಾತೇ ಹೀಗಿರಲಿ: "ವಿಪಲ್ ಆಗಿದೆ, ಇಂದಿಗೆ ಇಷ್ಟು ದಿನ, ರಕ್ತ ಬರ್ತಾ ಇದೆ."