ಎರಿ ಹೊಲ, ಮಸಾರಿ ಹೊಲ, ನನ್ನ ಪಿಎಚ್‌ಡಿ

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಾರ್ಟ್‌ಟೈಮ್ ಪಿಎಚ್‌ಡಿ ಮುಗಿಸಿದವಳು ನಾನು. ವಿಷಯ ಕಂಪ್ಯೂಟರ್ ಸೈನ್ಸ್. ಆದರೆ ಮೂರು ಮಳೆಗಾಲ ಕಳೆದದ್ದು ಮೆಣಸಿನಕಾಯಿ ಹೊಲದಲ್ಲಿ. ಮೊಬೈಲ್‌ನಲ್ಲಿ ತೆಗೆದ ಎಲೆಯ ಫೋಟೋ ನೋಡಿ, ಅದು ಮುಟುರಿಕೊಂಡಿರುವುದು ಥ್ರಿಪ್ಸ್‌ನಿಂದಲೋ, ಮೈಟ್‌ನಿಂದಲೋ (ಎರಡೂ ಎಲೆಗೆ ಬೀಳುವ ಸಣ್ಣ ಜೀವಿಗಳು), ವೈರಸ್‌ನಿಂದಲೋ ಅಂತ ಮಷಿನ್ ಹೇಳಬೇಕು. ಕೆಲಸ ಇಷ್ಟೇ. ಈಗ ಇದೇ ದಾರಿಯಲ್ಲಿ ಹೊರಟ ಹುಡುಗರು ಸಿಕ್ಕಾಗ ಮೊದಲು ಕೇಳೋದು, "ಯಾವ ಮಾಡೆಲ್ ಹಾಕಿದ್ರಿ ಮೇಡಮ್?" ಮಾಡೆಲ್ ಅಂದರೆ ಫೋಟೋ ನೋಡಿ ಕಲಿಯುವ ಪ್ರೋಗ್ರಾಂ, ಅದರ ಬಗ್ಗೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ನನ್ನ ಎರಡು ವರ್ಷ ಹಿಡಿದದ್ದು ಬೇರೆ. ಡೇಟಾವನ್ನು ಟ್ರೇನಿಂಗ್‌ಗೆ (ಮಷಿನ್‌ಗೆ ಕಲಿಸಲು) ಎಷ್ಟು, ಟೆಸ್ಟ್‌ಗೆ (ಕಲಿತದ್ದನ್ನು ಪರೀಕ್ಷಿಸಲು) ಎಷ್ಟು, ಅದಕ್ಕಿಂತ ಜಾಸ್ತಿ, ಯಾವುದನ್ನು ಯಾವ ಕಡೆ ಹಾಕಬೇಕು ಅನ್ನೋದು. ಅದನ್ನೇ ಬರೆಯುತ್ತೇನೆ.

ವಿಷಯ ಸಿಕ್ಕದ್ದು ಮನೆಯಲ್ಲೇ. ನಮ್ಮ ಕಾಕಾನ ಹೊಲ ಕುಂದಗೋಳ ತಾಲೂಕಿನಲ್ಲಿದೆ. ಬ್ಯಾಡಗಿ ತಳಿ ಹಾಕುತ್ತಾರೆ, ಪೂರ್ತಿ ಮಳೆ ನಂಬಿಕೊಂಡು. ಒಂದು ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಎಲೆ ಮುಟುರಲು ಶುರುವಾಯಿತು. ಕಾಕಾ ಗೊಬ್ಬರದ ಅಂಗಡಿಗೆ ಹೋಗಿ "ನುಸಿ ಬಿದ್ದದ" ಅಂದರು, ಅಂಗಡಿಯವರು ಒಂದು ಎಣ್ಣೆ (ಕೀಟನಾಶಕ) ಕೊಟ್ಟರು, ಹೊಡೆದರು. ಕಡಿಮೆ ಆಗಲಿಲ್ಲ. ಇನ್ನೊಂದು ಕೊಟ್ಟರು, ಅದನ್ನೂ ಹೊಡೆದರು. ಮೂರನೇ ಸಲ ಹೊಡೆದ ಮೇಲೆ ಇನ್ನೂ ಜಾಸ್ತಿ ಆಯಿತು.

ಯಾಕೆ ಅಂತ ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಥ್ರಿಪ್ಸ್‌ಗೂ ನುಸಿ ಅಂತಾರೆ, ಮೈಟ್‌ಗೂ ನುಸಿ ಅಂತಾರೆ. ಆದರೆ ಥ್ರಿಪ್ಸ್ ಕೀಟ, ಆರು ಕಾಲು. ಮೈಟ್ ಕೀಟವೇ ಅಲ್ಲ, ಜೇಡದ ಕಡೆಯ ನೆಂಟ, ಎಂಟು ಕಾಲು. ಕೀಟಕ್ಕೆ ಹೊಡೆಯುವ ಎಷ್ಟೋ ಎಣ್ಣೆ ಮೈಟ್‌ಗೆ ತಾಗುವುದಿಲ್ಲ. ಮೇಲಾಗಿ ಮೈಟನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನೇ ಕೊಂದುಬಿಡಬಹುದು. ಇನ್ನು ಬಿಳಿ ನೊಣ ಹರಡುವ ವೈರಸ್‌ನಿಂದ ಮುಟುರಿದ್ದರೆ, ಗಿಡಕ್ಕೆ ಏನು ಹೊಡೆದರೂ ಅದು ವಾಸಿಯಾಗುವುದಿಲ್ಲ. ಸಾಮಾನ್ಯವಾಗಿ ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗುತ್ತದೆ. ಮೈಟ್ ಬಿದ್ದರೆ ಕೆಳಕ್ಕೆ ಮಡಚುತ್ತದೆ, ದೋಣಿ ಬೋರಲು ಹಾಕಿದ ಹಾಗೆ, ಎಲೆಯ ತೊಟ್ಟೂ ಉದ್ದವಾಗುತ್ತದೆ. ಕಣ್ಣಿಗೆ ಕಾಣುವ ಈ ವ್ಯತ್ಯಾಸವನ್ನು ಕ್ಯಾಮೆರಾ ಹಿಡಿಯಬಹುದಲ್ವಾ ಅಂತ ಅನ್ನಿಸಿತು. ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಬರೆದೆ, ಒಪ್ಪಿಗೆ ಸಿಕ್ಕಿತು.

ಓದಲು ಕುಳಿತಾಗ ಮೊದಲು ಸಿಕ್ಕದ್ದು ಪ್ಲಾಂಟ್‌ವಿಲೇಜ್ ಡೇಟಾಸೆಟ್, ಅಂದರೆ ಬೆಳೆಗಳ ಎಲೆಯ ಫೋಟೋಗಳ ಸಂಗ್ರಹ. 54,306 ಫೋಟೋ, 14 ಬೆಳೆ, 38 ವರ್ಗ. 2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ ಇದರ ಮೇಲೆ 99.35 ಶೇಕಡಾ ನಿಖರತೆ ತೋರಿಸಿದರು. ಈ ಅಂಕಿ ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪೇಪರ್‌ನಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಹೇಳುವವರು ಕಡಿಮೆ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ ನಿಖರತೆ 31 ಶೇಕಡಾದ ಹತ್ತಿರಕ್ಕೆ ಇಳಿಯಿತು ಅಂತ ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ನಾನೂ ಮೊದಲ ಓದಿನಲ್ಲಿ ಆ ಸಾಲು ದಾಟಿಬಿಟ್ಟೆ. ಅದರಲ್ಲಿ ಮೆಣಸಿನ ಜಾತಿಯದು ಅಂತ ಇರುವುದು ದಪ್ಪ ಮೆಣಸಿನಕಾಯಿ ಮಾತ್ರ. ಹಾಗಾಗಿ ನಮ್ಮ ಹೊಲದ ಫೋಟೋ ನಾನೇ ತೆಗೆಯಬೇಕು ಅಂತ ನಿರ್ಧಾರ ಮಾಡಿದೆ.

ಮೊದಲ ಮಳೆಗಾಲ ಕಾಲೇಜು ಇಲ್ಲದ ದಿನ ಎಲ್ಲಾ ಹೊಲದಲ್ಲಿ. ರೋಗದ ಎಲೆ ಬೇಕಾದಾಗ ಕಾಕಾನ ಹೊಲಕ್ಕೆ ಹೋಗುತ್ತಿದ್ದೆ, ಅಲ್ಲಿ ಬೇಕಾದಷ್ಟು ಇತ್ತು. ಚೆನ್ನಾಗಿರುವ ಎಲೆಗೆ ಧಾರವಾಡದ ಪಶ್ಚಿಮಕ್ಕೆ, ಬೋರ್‌ವೆಲ್ ಇರುವ ಪರಿಚಯದವರ ಹೊಲಕ್ಕೆ. ಒಂದೊಂದು ಗಿಡದ್ದು ಹತ್ತು ಹನ್ನೆರಡು ಫೋಟೋ. ರಾತ್ರಿ ಮಕ್ಕಳು ಮಲಗಿದ ಮೇಲೆ ಗೂಗಲ್‌ನ ಕಂಪ್ಯೂಟರ್‌ನಲ್ಲಿ ಆನ್‌ಲೈನ್ ಆಗಿ ಕೋಡ್ ಓಡಿಸುವ ಕೊಲ್ಯಾಬ್‌ನಲ್ಲಿ ಟ್ರೇನಿಂಗ್. ಉಚಿತ ಸೆಷನ್ ಯಾವಾಗ ಕಡಿದುಹೋಗುತ್ತದೋ ಹೇಳಲಾಗದು, ಅದಕ್ಕೆ ಪ್ರತಿ ಎಪಾಕ್ (ಎಲ್ಲಾ ಫೋಟೋಗಳ ಒಂದು ಸುತ್ತು) ಆದ ಮೇಲೆ ಚೆಕ್‌ಪಾಯಿಂಟ್, ಅಂದರೆ ಅಲ್ಲಿಯ ತನಕ ಕಲಿತದ್ದನ್ನು, ಡ್ರೈವ್‌ಗೆ ಉಳಿಸುತ್ತಿದ್ದೆ. ಎಲ್ಲಾ ಫೋಟೋ ಕಲಸಿ, 80 ಪಾಲು ಟ್ರೇನಿಂಗ್‌ಗೆ, 20 ಪಾಲು ಟೆಸ್ಟ್‌ಗೆ. ಪುಸ್ತಕದಲ್ಲಿ ಹೇಳುವ ಹಾಗೇ. ನಿಖರತೆ 97ರ ಆಸುಪಾಸು ಬಂತು. ತುಂಬಾ ಖುಷಿಯಾಯಿತು. ಪೇಪರ್ ಬರೆದು ಒಂದು ಕಾನ್ಫರೆನ್ಸ್‌ಗೆ ಕಳಿಸಿದೆ.

ಪೇಪರ್‌ಗೆ ಒಂದು ಚಂದದ ಚಿತ್ರ ಇರಲಿ ಅಂತ ಗ್ರಾಡ್-ಕ್ಯಾಮ್ ಹಾಕಿ ನೋಡಿದೆ. ಮಾಡೆಲ್ ಫೋಟೋದ ಯಾವ ಭಾಗ ನೋಡಿ ತೀರ್ಮಾನಕ್ಕೆ ಬಂತು ಅನ್ನೋದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಬಣ್ಣ ಎಲೆಯ ಮೇಲೆ ಬರಬೇಕಿತ್ತು. ಒಂದು ಫೋಟೋದಲ್ಲಿ ಮಣ್ಣಿನ ಮೇಲೆ ಬಂತು. ಇನ್ನೊಂದರಲ್ಲೂ ಮಣ್ಣೇ. ಐವತ್ತು ಫೋಟೋ ಸಾಲಾಗಿ ತೆಗೆದು ನೋಡಿದೆ, ಅರ್ಧಕ್ಕಿಂತ ಜಾಸ್ತಿ ಕಡೆ ಕೆಂಪು ಕೂತಿದ್ದು ನೆಲದ ಮೇಲೆ, ಬಿರುಕಿನ ಮೇಲೆ. ಆಗ ಹೊಳೆಯಿತು. ಕಾಕಾನದು ಎರಿ ಹೊಲ, ಕಪ್ಪು ಮಣ್ಣು. ಚೆನ್ನಾಗಿರುವ ಎಲೆ ತಂದ ಹೊಲ ಮಸಾರಿ, ಕೆಂಪು ಮಣ್ಣು. ಮಾಡೆಲ್ ರೋಗ ಕಲಿತಿರಲಿಲ್ಲ. ಕಪ್ಪು ಮಣ್ಣು ಕಂಡರೆ ರೋಗ, ಕೆಂಪು ಮಣ್ಣು ಕಂಡರೆ ಆರೋಗ್ಯ, ಇಷ್ಟು ಕಲಿತಿತ್ತು.

ಅದು ಒಂದು ತಪ್ಪು. ಎರಡನೆಯದು ಅದಕ್ಕಿಂತ ಆಳದ್ದು. ಒಂದೇ ಗಿಡದ ಹತ್ತು ಫೋಟೋದಲ್ಲಿ ಎಂಟು ಟ್ರೇನಿಂಗ್‌ಗೆ, ಎರಡು ಟೆಸ್ಟ್‌ಗೆ ಹೋಗಿದ್ದವು. ಪರೀಕ್ಷೆಗೆ ಬರುವ ಪ್ರಶ್ನೆಯನ್ನೇ ಹಿಂದಿನ ದಿನ ಬೋರ್ಡ್ ಮೇಲೆ ಬಿಡಿಸಿ ತೋರಿಸಿದ ಹಾಗೆ. ಇದಕ್ಕೆ ಡೇಟಾ ಲೀಕೇಜ್ ಅಂತಾರೆ. ಬಿ.ಇ. ಮಕ್ಕಳಿಗೆ ನಾನೇ ಪಾಠ ಮಾಡಿದ್ದ ವಿಷಯ ಅದು. ಪಾಠದಲ್ಲಿ ಗೊತ್ತಿದ್ದರೂ, ಸ್ವಂತ ಕೈಯಿಂದ ತೆಗೆದ ಫೋಟೋಗಳಲ್ಲಿ ಅದು ಅಡಗಿ ಕೂತಾಗ ಕಾಣಲಿಲ್ಲ.

ಮಾರನೇ ದಿನ ಗೈಡ್ ಹತ್ತಿರ ಹೋದೆ, ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು, "ಮೇಡಮ್, ಪೇಪರ್ ವಾಪಸ್ ತಗೋತೀರೇನ್ರಿ?" ತಗೊಂಡೆ. ಸಂಘಟಕರಿಗೆ ಎರಡು ಸಾಲಿನ ಇಮೇಲ್ ಬರೆದೆ. ಆ ಆರು ತಿಂಗಳ ಪ್ರೋಗ್ರೆಸ್ ರಿಪೋರ್ಟ್‌ನಲ್ಲಿ ತೋರಿಸಲು ಏನೂ ಇರಲಿಲ್ಲ. ಕಮಿಟಿಯ ಮುಂದೆ ಮಣ್ಣಿನ ಮೇಲಿನ ಆ ಕೆಂಪು ಚಿತ್ರಗಳನ್ನೇ ತೋರಿಸಿ, ಹೀಗಾಗಿದೆ, ಮತ್ತೆ ಡೇಟಾ ತೆಗೆಯುತ್ತೇನೆ ಅಂದೆ. ಒಬ್ಬರು ಸಿಟ್ಟಾದರು, ಇಬ್ಬರು ಸರಿ ಅಂದರು.

ಆ ದಿನಗಳಲ್ಲಿ ಎರಡು ಪೇಪರ್ ನನಗೆ ತುಂಬಾ ಧೈರ್ಯ ಕೊಟ್ಟವು. ಒಂದು, 2022ರಲ್ಲಿ ನೋಯಾನ್ ಅನ್ನುವವರು ಪ್ಲಾಂಟ್‌ವಿಲೇಜ್ ಬಗ್ಗೆ ಬರೆದದ್ದು. ಎಲೆಯನ್ನು ನೋಡದೆ, ಹಿನ್ನೆಲೆಯ ಬರೀ 8 ಪಿಕ್ಸೆಲ್ ಇಟ್ಟುಕೊಂಡು 49 ಶೇಕಡಾ ನಿಖರತೆ ಬರುತ್ತದೆ ಅಂತ ತೋರಿಸಿದ್ದಾರೆ. 38 ವರ್ಗ ಇರುವಾಗ ಕಣ್ಣು ಮುಚ್ಚಿ ಊಹಿಸಿದರೆ ಮೂರು ಶೇಕಡಾನೂ ಬರುವುದಿಲ್ಲ. ಇನ್ನೊಂದು, 2023ರಲ್ಲಿ ಪ್ರಿನ್ಸ್‌ಟನ್‌ನ ಕಪೂರ್ ಮತ್ತು ನಾರಾಯಣನ್ ಬರೆದದ್ದು. ಮಷಿನ್ ಲರ್ನಿಂಗ್ ಬಳಸುವ 17 ವಿಜ್ಞಾನ ಕ್ಷೇತ್ರಗಳಲ್ಲಿ 294 ಪೇಪರ್‌ಗಳಿಗೆ ಲೀಕೇಜ್ ತಾಗಿರುವುದನ್ನು ಅವರು ಒಟ್ಟು ಮಾಡಿದ್ದಾರೆ. ವೈದ್ಯಕೀಯದಿಂದ ಹಿಡಿದು ರಾಜ್ಯಶಾಸ್ತ್ರದ ತನಕ. ಕಂಪ್ಯೂಟರ್‌ನವರು ಇನ್ನೊಂದು ವಿಜ್ಞಾನದ ಅಂಗಳಕ್ಕೆ ಹೋದಾಗ ಅಲ್ಲಿನ ಡೇಟಾ ಹೇಗೆ ಹುಟ್ಟುತ್ತದೆ ಅನ್ನೋದು ತಿಳಿಯದೆ ಎಡವುತ್ತಾರೆ. ನನಗೆ ಆಗಿದ್ದೂ ಅದೇ.

ಎರಡನೇ ಮಳೆಗಾಲ ಬೇರೆ ಥರ ಶುರು ಮಾಡಿದೆ. ಕುಂದಗೋಳ, ಗದಗ, ಹಾವೇರಿ ಕಡೆ ಸೇರಿಸಿ ಹನ್ನೊಂದು ಹೊಲ ಹಿಡಿದೆ, ಎರಿಯೂ ಇತ್ತು ಮಸಾರಿಯೂ ಇತ್ತು. ಒಂದೇ ನಿಯಮ: ಪ್ರತಿ ಹೊಲದಿಂದ ರೋಗದ ಎಲೆಯೂ ಬರಬೇಕು, ಚೆನ್ನಾಗಿರುವ ಎಲೆಯೂ ಬರಬೇಕು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಬೆಳಕು ಬೇರೆ ಬೇರೆ ಇರಲಿ ಅಂತ. ಗಿಡಕ್ಕೆ ನಂಬರ್ ಬರೆದ ಚೀಟಿ ಕಟ್ಟಿದೆ. ಫೋಟೋ ತೆಗೆಯುವ ಮೊದಲು ಒಂದು ನೋಟ್‌ಬುಕ್‌ನಲ್ಲಿ ಹೊಲದ ನಂಬರ್, ಗಿಡದ ನಂಬರ್, ಎಷ್ಟು ದಿನದ ಬೆಳೆ, ಕೊನೆಯ ಸಲ ಎಣ್ಣೆ ಹೊಡೆದದ್ದು ಯಾವಾಗ, ಇಷ್ಟು ಬರೆಯುತ್ತಿದ್ದೆ. ಮಳೆಯಲ್ಲಿ ನೆನೆದು ಹಾಳೆ ಅಂಟಿಕೊಂಡ ಆ ನೋಟ್‌ಬುಕ್ ನನ್ನ ಪಿಎಚ್‌ಡಿಯಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವ ವಸ್ತು. ಇವತ್ತಿಗೂ ಜೋಪಾನವಾಗಿ ಇಟ್ಟಿದ್ದೇನೆ.

ಹಾವೇರಿ ಕಡೆಯ ಒಬ್ಬ ಹಿರಿಯರು ಎರಡು ದಿನ ನೋಡಿ ಮೂರನೇ ದಿನ ಕೇಳಿದರು, "ಅಕ್ಕಾರ, ಎಲಿ ಮ್ಯಾಲಿನ ಫೋಟೋ ಅಷ್ಟ ತಗೀತೀರಲ್ಲ, ನುಸಿ ಇರೂದು ಕೆಳಗ ಅಲ್ಲೇನ್ರಿ?" ಎಲೆ ತಿರುಗಿಸಿ ತೋರಿಸಿದರು. ಹೌದು, ಮೈಟ್ ಇರುವುದು ಜಾಸ್ತಿ ಎಲೆಯ ಕೆಳಭಾಗದಲ್ಲಿ. ಅಂದಿನಿಂದ ಪ್ರತಿ ಎಲೆಗೆ ಎರಡು ಫೋಟೋ, ಮೇಲಿನದು ಒಂದು, ಕೆಳಗಿನದು ಒಂದು. ಕೊನೆಗೆ ನನ್ನ ಥೀಸಿಸ್‌ನ ಒಂದು ಇಡೀ ಅಧ್ಯಾಯ ಆದದ್ದು ಆ ಎರಡು ಫೋಟೋ ಸೇರಿಸಿ ಓದುವ ಮಾಡೆಲ್. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಆ ಹಿರಿಯರ ಹೆಸರು ಗೈಡ್ ಹೆಸರಿನ ಪಕ್ಕದಲ್ಲೇ ಇದೆ.

ಇನ್ನು ಲೇಬಲ್, ಅಂದರೆ ಯಾವ ಎಲೆಗೆ ಏನು ಬಿದ್ದಿದೆ ಅಂತ ಮಷಿನ್‌ಗೆ ಹೇಳುವ ಗುರುತು. ಮೊದಲ ವರ್ಷ ಲೇಬಲ್ ನಾನೇ ಹಾಕಿದ್ದೆ, ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್ ಅಂತ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದ ಒಬ್ಬರು ನಮ್ಮ ಜೊತೆ ಸೇರಿದ ಮೇಲೆ ಅದು ಎಷ್ಟು ಹಗುರ ಅಂತ ತಿಳಿಯಿತು. ವೈರಸ್ ಬಂದರೂ ಎಲೆ ಮೇಲಕ್ಕೆ ಮುಟುರುತ್ತದೆ. ಒಂದೇ ಗಿಡದಲ್ಲಿ ಥ್ರಿಪ್ಸೂ ಮೈಟೂ ಎರಡೂ ಇರುತ್ತವೆ. ಥ್ರಿಪ್ಸ್ ಒಂದು ಮಿಲಿಮೀಟರ್ ಆಸುಪಾಸು, ಕಷ್ಟಪಟ್ಟರೆ ಕಣ್ಣಿಗೆ ಕಾಣುತ್ತದೆ. ಮೈಟ್ ಅದರ ಐದನೇ ಒಂದು ಪಾಲು, ಲೆನ್ಸ್ ಇಲ್ಲದೆ ಆಗದು. ಅವರು ಗಿಡದ ತುದಿಯ ಎಲೆ ಕಿತ್ತು ಲೆನ್ಸ್ ಕೆಳಗೆ ಎಣಿಸಿದರು, ಮುಟುರಿದ ಪ್ರಮಾಣಕ್ಕೆ 0ರಿಂದ 4ರ ಅಳತೆಯಲ್ಲಿ ಅಂಕ ಕೊಟ್ಟರು. ಅದೇ ಎಲೆಗಳನ್ನು ಇನ್ನೊಬ್ಬ ತಜ್ಞರಿಗೂ ಕೊಟ್ಟೆ, ಮೊದಲಿನವರು ಏನು ಬರೆದಿದ್ದಾರೆ ಅಂತ ತೋರಿಸದೆ. ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಅಂತ ಕೋಹೆನ್ ಕಪ್ಪಾ ಲೆಕ್ಕ ಹಾಕಿದೆ. ಇಬ್ಬರೂ ಒಪ್ಪದ ಎಲೆಗಳನ್ನು ಎಸೆಯಲಿಲ್ಲ, "ಸಂದೇಹ" ಅಂತ ಬೇರೆ ಇಟ್ಟೆ. ಇಬ್ಬರು ತಜ್ಞರೇ ಒಪ್ಪದ ಕಡೆ ಮಷಿನ್ ಖಡಾಖಂಡಿತ ಉತ್ತರ ಕೊಟ್ಟರೆ ನಾನು ಹೇಗೆ ನಂಬಲಿ?

ಈಗ ಪಾಲು ಮಾಡುವ ಮಾತು. ಫೋಟೋ ಲೆಕ್ಕದಲ್ಲಿ ಪಾಲು ಮಾಡುವುದನ್ನು ಪೂರ್ತಿ ಬಿಟ್ಟೆ. ಹೊಲ ಲೆಕ್ಕ. ಹತ್ತು ಹೊಲದಲ್ಲಿ ಕಲಿಸಿ ಹನ್ನೊಂದನೇ ಹೊಲದಲ್ಲಿ ಪರೀಕ್ಷೆ, ಹೀಗೆ ಪ್ರತಿ ಹೊಲಕ್ಕೂ ಸರದಿ. ಇದಕ್ಕೆ ದೊಡ್ಡ ಕೋಡ್ ಏನೂ ಬೇಡ, ಸೈಕಿಟ್-ಲರ್ನ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಗ್ರೂಪ್‌ಕೆಫೋಲ್ಡ್, ಲೀವ್‌ಒನ್‌ಗ್ರೂಪ್‌ಔಟ್ ಅಂತ ಸಿದ್ಧವಾಗಿ ಇವೆ. ಗ್ರೂಪ್ ಜಾಗದಲ್ಲಿ ಹೊಲದ ನಂಬರ್ ಕೊಟ್ಟರೆ ಸಾಕು. ಆದರೆ ಆ ನಂಬರ್ ನೀವು ಹೊಲದಲ್ಲೇ ಬರೆದುಕೊಂಡಿರಬೇಕು. ನಿಖರತೆ ಒಂದನ್ನೇ ಹೇಳದೆ ಪ್ರತಿ ವರ್ಗದ ಎಫ್1 (ಆ ವರ್ಗವನ್ನು ಎಷ್ಟು ಸರಿಯಾಗಿ ಗುರುತಿಸಿತು ಅನ್ನುವ ಅಂಕ) ಬೇರೆ ಬೇರೆ ಕೊಟ್ಟೆ, ಯಾಕಂದರೆ ಮೈಟ್ ಎಲೆ ಕಡಿಮೆ ಇದ್ದವು, ಅದರಲ್ಲಿ ಪೂರ್ತಿ ಸೋತರೂ ಒಟ್ಟು ನಿಖರತೆಯಲ್ಲಿ ಅದು ಕಾಣುವುದಿಲ್ಲ. ಪ್ರತಿ ಪ್ರಯೋಗ ಐದು ಸೀಡ್‌ನಲ್ಲಿ (ಬೇರೆ ಬೇರೆ ಯಾದೃಚ್ಛಿಕ ಆರಂಭದಿಂದ) ಓಡಿಸಿ ಸರಾಸರಿ ಬರೆದೆ.

97 ಇದ್ದದ್ದು ಮೊದಲ ಸಲ 60ಕ್ಕಿಂತ ಕೆಳಗೆ ಬಂತು. ಅಲ್ಲಿಂದ ಒಂದೊಂದೇ ಮೆಟ್ಟಿಲು. ಮೊದಲು ಎಲೆಯನ್ನು ಮಣ್ಣಿನಿಂದ ಬೇರ್ಪಡಿಸಿದೆ, ಸ್ವಲ್ಪ ಏರಿತು. ಕೆಳಗಿನ ಫೋಟೋ ಸೇರಿಸಿದೆ, ಮೈಟ್ ವರ್ಗ ಜಿಗಿಯಿತು. ಮೂರನೇ ಮಳೆಗಾಲದ ಫೋಟೋಗಳನ್ನು ಕೊನೆಯ ತನಕ ಮುಟ್ಟದೆ ಇಟ್ಟು ಒಂದೇ ಒಂದು ಸಲ ಪರೀಕ್ಷೆ ಮಾಡಿದೆ. ಬಂದದ್ದು 80ಕ್ಕೆ ಸ್ವಲ್ಪ ಕಮ್ಮಿ. ಆ 80 ನನಗೆ 97ಕ್ಕಿಂತ ತುಂಬಾ ಪ್ರೀತಿ, ಯಾಕಂದರೆ ಅದು ನಿಜ.

ಮಾಡೆಲ್ ಯಾವುದು ಅಂದಿರಲ್ವಾ, ಮೊಬೈಲ್‌ನೆಟ್, ಫೋನ್‌ನಲ್ಲಿ ಓಡುವಷ್ಟು ಹಗುರದ್ದು. ಇಮೇಜ್‌ನೆಟ್ ಅನ್ನುವ ದೊಡ್ಡ ಫೋಟೋ ಸಂಗ್ರಹದ ಮೇಲೆ ಮೊದಲೇ ಕಲಿತದ್ದನ್ನು ತಂದು ನಮ್ಮ ಎಲೆಗೆ ಹೊಂದಿಸಿದ್ದು. ಹೊಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಫೋನ್ ಒಳಗೇ ಓಡಬೇಕು, ಅದಕ್ಕೆ ಅದು. ಕೋರ್ಸ್‌ವರ್ಕ್, ಸಮಗ್ರ ಪರೀಕ್ಷೆ, ಕೃತಿಚೌರ್ಯ ತಪಾಸಣೆ ಎಲ್ಲರಿಗೂ ಇರುವುದೇ. ಯುಜಿಸಿಯ 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ನೌಕರಿ ಮಾಡುತ್ತಾ ಮಾಡುವವರಿಗೆ ಒಂದೇ ಮಾತು: ಬೆಳೆಯ ಋತು ಒಂದು ಸಲ ತಪ್ಪಿದರೆ ಒಂದು ವರ್ಷ ಹೋಯಿತು. ಜೂನ್‌ಗೆ ಮೊದಲೇ ಕಾಲೇಜಿನ ರಜೆಯ ಲೆಕ್ಕ ಹಾಕಿಕೊಳ್ಳಿ. ಬರೆಯುವ ಕೆಲಸಕ್ಕೆ ನನಗೆ ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸು ತುಂಬಾ ಆಸರೆಯಾಯಿತು. ಗೈಡ್ ನೋಡಲು ಹೋಗುವಾಗ ಬರುವಾಗ ಅರ್ಧ ಅಧ್ಯಾಯ ಅದರಲ್ಲೇ ತಿದ್ದಿದ್ದೇನೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಕೇಳಿದರು, ಯಾವ ಹೊಲದಲ್ಲಿ ಎಲ್ಲಕ್ಕಿಂತ ಕಡಿಮೆ ಬಂತು, ಯಾಕೆ? ಏಳನೇ ಹೊಲ, ಎಣ್ಣೆ ಹೊಡೆದ ಮಾರನೇ ದಿನ ತೆಗೆದ ಫೋಟೋ, ಎಲೆಯ ಮೇಲೆ ಬಿಳಿ ಕಲೆ ಉಳಿದಿತ್ತು ಅಂದೆ. ನೋಟ್‌ಬುಕ್‌ನಲ್ಲಿ ತಾರೀಖು ಇತ್ತು, ತೋರಿಸಿದೆ.

ಈಗ ಕಾಕಾನ ಫೋನಿನಲ್ಲಿ ನನ್ನ ಮಾಡೆಲ್ ಇದೆ. ಸಂದೇಹ ಇದ್ದಾಗ "ಗೊತ್ತಾಗಲಿಲ್ಲ, ಎಲೆಯ ಕೆಳಗಿನ ಫೋಟೋ ತೆಗೆಯಿರಿ" ಅನ್ನುತ್ತದೆ. ಮೊನ್ನೆ ಹೋದಾಗ ಕಾಕಾ ಕೇಳಿದರು, "ಯವ್ವಾ, ಎಲಿಗೆ ಹೇಳ್ತದ, ಹೂವಿಗೆ ಯಾಕ ಹೇಳಂಗಿಲ್ಲ?" ಸರಿಯಾದ ಪ್ರಶ್ನೆ. ನಮ್ಮ ದೇಶದಲ್ಲಿ 2015ರಲ್ಲಿ ಮೊದಲು ಪಪ್ಪಾಯಿಯಲ್ಲಿ ಕಂಡ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನುವ ಹೊಸ ಜಾತಿ 2021ರಿಂದ ಮೆಣಸಿನಕಾಯಿಗೂ ಬಿದ್ದಿದೆ, ಅದು ಜಾಸ್ತಿ ಕೂರುವುದು ಹೂವಿನ ಒಳಗೆ. ನನ್ನ ಡೇಟಾದಲ್ಲಿ ಒಂದೂ ಹೂವಿಲ್ಲ. ಈ ಮಳೆಗಾಲಕ್ಕೆ ಆರು ಹೊಲ ಗೊತ್ತು ಮಾಡಿದ್ದೇನೆ, ಮೂರು ಎರಿ, ಮೂರು ಮಸಾರಿ. ಹೊಸ ನೋಟ್‌ಬುಕ್‌ಗೆ ಪ್ಲಾಸ್ಟಿಕ್ ಕವರ್ ಹಾಕಿದ್ದೇನೆ.