ಹಾಳೆಯ ಹೊಳಪು ನೋಡಿ ಬ್ರಶ್ ಇಡಿ

ಶಾಲೆ ಬಿಟ್ಟ ಮೇಲೆ ಬಣ್ಣ ಮುಟ್ಟದವರು ಮತ್ತೆ ಆಸೆಯಿಂದ ಬಯಲಲ್ಲಿ ಜಲವರ್ಣ ಬಿಡಿಸಲು ಕೂರುತ್ತಾರೆ. ಎರಡನೇ ಚಿತ್ರಕ್ಕೇ ‘ನಂಗೆ ಡ್ರಾಯಿಂಗ್ ಬರಲ್ಲ’ ಎಂದು ಎದ್ದುಬಿಡುತ್ತಾರೆ. ಆ ಚಿತ್ರ ತೆಗೆದು ನೋಡಿದರೆ ಗೆರೆಗಳೇನೂ ಅಷ್ಟು ಕೆಟ್ಟಿರುವುದಿಲ್ಲ. ಕೆಡಿಸಿದ್ದು ನೀರು.

ಚೀಲಕ್ಕೆ ಇಷ್ಟು ಸಾಕು: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಹಾಳೆಯ ಪುಸ್ತಕ, 2ಬಿ ಪೆನ್ಸಿಲ್, ಮೊನೆ ಚೂಪಾಗಿ ಕೂಡುವ 8ನೇ ನಂಬರಿನ ದುಂಡು ಬ್ರಶ್, ಹಳೆಯ ಹತ್ತಿ ಬಟ್ಟೆ, ತೊಳೆಯಲೊಂದು ಕಲಸಲೊಂದು ಎಂದು ಎರಡು ನೀರಿನ ಡಬ್ಬಿ. ಜುಗ್ಗತನ ಬೇರೆ ಎಲ್ಲಾದರೂ ಮಾಡಿ, ಹಾಳೆಯಲ್ಲಿ ಬೇಡ. ತೆಳು ಡ್ರಾಯಿಂಗ್ ಶೀಟ್ ನೀರು ಬಿದ್ದೊಡನೆ ಉಬ್ಬುತ್ತದೆ, ಬಣ್ಣ ಆ ತಗ್ಗುಗಳಲ್ಲಿ ಹೋಗಿ ನಿಲ್ಲುತ್ತದೆ. 24 ಬಣ್ಣದ ಅಗ್ಗದ ಡಬ್ಬಿಯೂ ಬೇಡ. ಅದರಲ್ಲಿ ಬಣ್ಣಕ್ಕಿಂತ ಸುಣ್ಣದಂಥ ಪುಡಿಯೇ ಹೆಚ್ಚು. ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಒಂದು ಗುಲಾಬಿಗೆಂಪು, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಐದೇ ಸಾಕು. ಕೊನೆಯ ಎರಡನ್ನು ಬೆರೆಸಿದರೆ ಬರುವ ಬೂದು ಬಣ್ಣದ ಮುಂದೆ ಟ್ಯೂಬಿನ ಕಪ್ಪು ಮಸಿಯಂತೆ ಕಾಣುತ್ತದೆ.

ನೆರಳಲ್ಲಿ ಕೂರಿ. ಬಿಸಿಲು ಬಿದ್ದ ಹಾಳೆ ಕಣ್ಣು ಕುಕ್ಕುತ್ತದೆ; ತಿಳಿಯಾಗಿದೆ ಎಂದುಕೊಂಡು ಹಚ್ಚಿದ್ದು ಮನೆಗೆ ಬಂದು ನೋಡಿದರೆ ಕಡುಗಪ್ಪು.

ಪೆನ್ಸಿಲ್ ಕೆಲಸಕ್ಕೆ ಹತ್ತು ನಿಮಿಷ ಸಾಕು. ಕಣ್ಣು ಕಿರಿದು ಮಾಡಿ ನೋಡಿ, ಬೆಳಕು–ನೆರಳಿನ ದೊಡ್ಡ ಆಕಾರಗಳನ್ನಷ್ಟೇ ಗುರುತಿಸಿ. ನೆರಳಿನ ಅಂಚನ್ನು ಮರೆಯದೆ ಗೀಚಿಕೊಳ್ಳಿ. ಒಂದು ಗಂಟೆಯಲ್ಲಿ ಅದು ಸರಿದಿರುತ್ತದೆ, ಬೆನ್ನು ಹತ್ತಿ ತಿದ್ದಲು ಹೋಗಬೇಡಿ. ಬಿಳಿ ಬೇಕಾದಲ್ಲಿ ಹಾಳೆಯನ್ನೇ ಖಾಲಿ ಬಿಡಿ.

ಇನ್ನು ವಾಶ್, ಅಂದರೆ ನೀರಾದ ಬಣ್ಣವನ್ನು ಹಾಳೆಯ ದೊಡ್ಡ ಭಾಗಕ್ಕೆ ಒಂದೇ ಸಮನೆ ಹರಡುವುದು. ಹಾಳೆಯ ಮೇಲಂಚಿನ ಕೆಳಗೊಂದು ಪೆನ್ಸಿಲ್ ಡಬ್ಬಿ ಇಟ್ಟು ಓರೆ ಮಾಡಿ. ಬೇಕಾದ ಬಣ್ಣವನ್ನೆಲ್ಲ ಮೊದಲೇ ಕಲಸಿಟ್ಟುಕೊಳ್ಳಿ. ಅರ್ಧಕ್ಕೆ ಮುಗಿದರೆ ಮತ್ತೆ ಕಲಸುವಷ್ಟರಲ್ಲಿ ಗೆರೆ ಕಟ್ಟಿರುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಒಂದು ಕೈ ಗಾಢವಾಗಿಯೇ ಇರಲಿ. ತುಂಬಿದ ಬ್ರಶ್ ಎಳೆದಾಗ ಕೆಳ ಅಂಚಿನಲ್ಲಿ ನೀರು ಮಣಿಯಂತೆ ಕೂರುತ್ತದೆ. ಮುಂದಿನ ಎಳೆತ ಆ ಮಣಿಯನ್ನು ಮುಟ್ಟಿಕೊಂಡೇ ಸಾಗಬೇಕು. ತುದಿಯಲ್ಲಿ ಉಳಿದ ಮಣಿಯನ್ನು ಹಿಂಡಿದ ಬ್ರಶ್ಶಿನಿಂದ ಹೀರಿಬಿಡಿ.

ಈಗ ಹಾಳೆಯನ್ನು ಓರೆಯಾಗಿ, ಬೆಳಕಿಗೆದುರಾಗಿ ನೋಡಿ. ನೀರು ಕೊಳದಂತೆ ನಿಂತಿದ್ದರೆ ಇಟ್ಟ ಬಣ್ಣ ಎಲ್ಲೆಂದರಲ್ಲಿ ಹರಿಯುತ್ತದೆ. ನೀರು ಇಂಗಿ ರೇಷ್ಮೆಯಂಥ ಹೊಳಪಷ್ಟೇ ಉಳಿದಾಗ ದೂರದ ಮರದ ಸಾಲು ಇಡಿ, ಅಂಚು ಮೆತ್ತಗೆ ಹರಡುತ್ತದೆ. ಬ್ರಶ್ಶಿನಲ್ಲಿರುವ ಬಣ್ಣ ಮಾತ್ರ ಹಾಳೆಯಲ್ಲಿರುವುದಕ್ಕಿಂತ ಗಟ್ಟಿಯಾಗಿರಬೇಕು. ಹೊಳಪು ಮಾಯವಾಗಿ ಹಾಳೆ ಇನ್ನೂ ತಣ್ಣಗಿದೆಯೋ, ಕೈಕಟ್ಟಿ ಕೂರಿ. ಎಷ್ಟೋ ಚಿತ್ರ ಕೆಡುವುದು ಇಲ್ಲೇ. ‘ಇಲ್ಲೊಂಚೂರು ತಿದ್ದೋಣ’ ಎಂದು ಒದ್ದೆ ಬ್ರಶ್ ತಾಗಿಸಿದರೆ ಹೊಸ ನೀರು ಅರೆ ಒಣಗಿದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಅಂಚು ಕಟ್ಟುತ್ತದೆ. ಕಟ್ಟಿದರೆ ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಅಂಚನ್ನಷ್ಟೇ ತೇವ ಮಾಡಿ ಬಟ್ಟೆಯಿಂದ ಒತ್ತಿ, ಇಲ್ಲವೇ ಅದನ್ನೇ ಪೊದೆ ಮಾಡಿಬಿಡಿ.

ಬೆರಳ ಹಿಂಬದಿ ತಾಗಿಸಿದಾಗ ತಣ್ಣಗೆನಿಸದಿದ್ದರೆ ಒಣಗಿದೆ ಎಂದರ್ಥ. ನೆರಳುಗಳನ್ನು ಆಗ ಒಂದೇ ಸಲಕ್ಕೆ ಹಚ್ಚಿ. ಒಮ್ಮೆ ಹಚ್ಚಿದ ಮೇಲೆ ಸವರುತ್ತ ಕೂತರೆ ಕೆಳಗಿನ ಪದರವೂ ಎದ್ದು ಬಂದು ಎಲ್ಲ ಕೆಸರಾಗುತ್ತದೆ.

ಪುಸ್ತಕ ಮುಚ್ಚುವ ಮುನ್ನ ಇನ್ನೊಮ್ಮೆ ಬೆರಳು ತಾಗಿಸಿ ನೋಡಿ, ಹಸಿಯಿದ್ದರೆ ಎದುರು ಪುಟಕ್ಕೆ ಅಂಟೀತು. ಬ್ರಶ್ ಅನ್ನು ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬರಬೇಡಿ. ಬಾಗಿದ ಮೊನೆ ಮತ್ತೆ ನೆಟ್ಟಗಾಗುವುದು ಕಷ್ಟ.